ಕುರಿ ಯಾರ ಖಾತೆ

ಶುವೈಖ್ ಬಂದರಿನಾಚೆ ಹಡಗು ಲಂಗರು ಹಾಕಿ ನಿಂತಿತ್ತು,
ಧಕ್ಕೆ ಖಾಲಿಯಾಗಿರಲಿಲ್ಲ. ಗಾಳಿ ತಿರುಗಿದಾಗ
ಹಡಗಿಗಿಂತ ಮೊದಲು ಅದರ ವಾಸನೆ ದಡಕ್ಕೆ ಬಂತು.
ಐವತ್ತೆರಡು ಸಾವಿರ, ಎಂದಿತ್ತು ನನ್ನ ಹಾಳೆ.
ಎಣಿಸುವವನು ನಾನು. ಅಂಗೈಯಲ್ಲಿ
ಕಟಕ್ ಕಟಕ್ ಅನ್ನುವ ಸ್ಟೀಲಿನ ಯಂತ್ರ.

ಕಾಯುವುದೇ ಕೆಲಸವಾದಾಗ ಲಿಗೋರಿ ಫೋನು ತೆಗೆದ.
ಕುರಿ ಹೊರಟ ರಾಜ್ಯದಲ್ಲಿ, ಆಸ್ಟ್ರೇಲಿಯದ ಪಡುವಣದಲ್ಲಿ,
ಚುನಾವಣೆ ಮುಗಿದು ಸಂಪುಟ ರಚನೆ.
ಇವು ಹಡಗು ಹತ್ತುವಾಗ ಒಂದು ಸರಕಾರ,
ಇಳಿಯುವಾಗ ಇನ್ನೊಂದು,
ನಡುವೆ ಹದಿನೆಂಟು ದಿನ ನೀರು.

ಮೆಟ್ಟಿಲ ಮೇಲೆ ಸಾಲಾಗಿ ನಿಂತ ಮಂತ್ರಿಗಳ ಫೋಟೊ.
ಮಾಳಪ್ಪ ಬಂದು ಅದರೊಳಗೆ ಬಗ್ಗಿದ.
ಲಿಂಗಸುಗೂರಿನ ಕಡೆಯವ, ಕತ್ತಲಲ್ಲೂ
ಬಾಯೊಳಗೆ ಬೆರಳಿಟ್ಟು ಕುರಿಯ ವಯಸ್ಸು ಹೇಳುವವ.
"ಇದರಾಗ ಕುರಿ ಮಂತ್ರಿ ಯಾರ್‍ರೀ?"
ಉತ್ತರಕ್ಕೆ ಕಾಯದೆ ತಾನೇ ಬೆರಳಿಟ್ಟ, ಹಿಂದಿನ ಸಾಲಿನ ತುದಿಗೆ.
"ಈ ಅಕ್ಕ. ನಿಂತದ್ದು ನೋಡ್ರಿ, ಒಂದ ಕಾಲಿಗೆ ಭಾರ ಕೊಟ್ಟು.
ಕೈಯಾಗ ಬಡಿಗಿ ಇಲ್ಲ, ಅಷ್ಟ. ಕುರಿ ಕಾಯ್ದಾಕಿ."

ಲಿಗೋರಿ ಹೆಸರು ಹುಡುಕಿದ. ಆಕೆಗೆ ಕಾರಾಗೃಹ.
ಕೃಷಿ ಹೋದದ್ದು ಕನ್ನಡಕದ ವಕೀಲನೊಬ್ಬನಿಗೆ, ಜೊತೆಗೆ
ಮೀನು, ಬಂದರು, ಸಣ್ಣ ಉದ್ದಿಮೆ.
ಕುದುರೆ ಜೂಜಿಗೂ ಒಬ್ಬ ಮಂತ್ರಿ ಇದ್ದ.
"ಕುರಿ ಅಂತ ಬರ್ದಿಲ್ಲೇನು?"
"ಕೃಷಿಯ ಒಳಗೇ ಬರ್ತದೆ ಮಾರಾಯ."
"ಒಳಗ..." ಎಂದು ಮಾಳಪ್ಪ
ಒಂಬತ್ತು ಅಂತಸ್ತಿನ ಹಡಗನ್ನೇ ನೋಡುತ್ತ ನಿಂತ.

ಲಾರಿಯ ಇದಿನಬ್ಬ ಕಿಟಕಿಯಿಂದಲೇ ನಕ್ಕ:
ಹಡಗು ಬಿಡುವುದು ನಿಲ್ಲಿಸುವುದು ಇವರ ಕೈಲಿಲ್ಲ,
ಅದು ಅವರ ದಿಲ್ಲಿಯ ಮಾತು. ಇನ್ನು ಕೆಲವೇ ವರ್ಷ, ಆಮೇಲೆ ಬಂದ್.
ಆಮೇಲೆ ಎಣಿಸಲು ಸೊಮಾಲಿಯದ ಆಡು ಬರಬಹುದು,
ಬರದೆಯೂ ಇರಬಹುದು.
ನನ್ನ ಇಖಾಮಾದಲ್ಲಿ ಕುರಿಯ ಮಾತಿಲ್ಲ, ಸಾಮಾನ್ಯ ಕಾರ್ಮಿಕ ಎಂದಿದೆ.
ನಾನೂ ಯಾವುದರದೋ ಒಳಗೇ ಬರುತ್ತೇನೆ.

ನಮ್ಮ ಕೋಣೆಯಲ್ಲೂ ಆಗಿತ್ತು ಒಮ್ಮೆ ಖಾತೆ ಹಂಚಿಕೆ.
ಜಲೀಬಿನ ಮೂರನೇ ಮಹಡಿ, ಏಳು ಮಂಚ.
ಹಣಕಾಸಿಗಾಗಿ ಇಬ್ಬರು ಮಾತು ಬಿಟ್ಟರು.
ಕಕ್ಕಸು ತೊಳೆಯುವ ಖಾತೆಗೆ ಆಕಾಂಕ್ಷಿಗಳೇ ಇರಲಿಲ್ಲ.
ಗ್ಯಾಸಿನವನು ರಾಜೀನಾಮೆ ಕೊಟ್ಟ ರಾತ್ರಿ
ಎಲ್ಲರಿಗೂ ತಣ್ಣಗಿನ ಖುಬ್ಬೂಸ್, ಮೊಸರು.
ಮಾಳಪ್ಪನಿಗೆ ಏನೂ ಕೊಡಲಿಲ್ಲ, ಅವನು ಕೇಳಲೂ ಇಲ್ಲ.
ಯಾರಿಗಾದರೂ ಜ್ವರ ಬಂದರೆ ಮಾತ್ರ
ಕತ್ತಲಲ್ಲಿ ಅವನ ಕೈ ಬಂದು ಕಿವಿಯ ಬುಡ ಮುಟ್ಟುತ್ತಿತ್ತು,
ಕುರಿಗೆ ನೋಡಿದ ಹಾಗೆ.

ದೀಪ ಹೊತ್ತುವಾಗ ಇಳಿಜಾರು ಇಳಿಸಿದರು.
ಬಂದವು. ಬರುತ್ತಲೇ ಇದ್ದವು. ಕಿವಿಗೊಂದು ಬಿಲ್ಲೆ,
ಬಿಲ್ಲೆಯಲ್ಲಿ ನಾನು ಕಾಣದ ಯಾರದೋ ಹೊಲದ ನಂಬರು.
ಕಟಕ್ ಕಟಕ್ ಕಟಕ್.
ನಲವತ್ತನೇ ಲಾರಿಯ ಹೊತ್ತಿಗೆ ಮಾಳಪ್ಪ
ಸಾಲಿಗೆ ಮೊಣಕಾಲು ಅಡ್ಡ ಕೊಟ್ಟು,
ಅಂಗಿಯ ಗುಂಡಿ ಬಿಚ್ಚಿ ತೋರಿಸಿದ:
ಹೊಕ್ಕುಳು ಒಣಗದ ಮರಿ.
ಕಿವಿ ಬೋಳು.
ಹುಟ್ಟಿದ್ದು ಸಮುದ್ರದ ಮೇಲೆ,
ಹಳೆಯ ಸರಕಾರ ಮುಗಿದು ಹೊಸದು ಪ್ರಮಾಣ ಮಾಡದ
ಯಾವುದೋ ರಾತ್ರಿ ಇರಬೇಕು.

ಸತ್ತವಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇದೆ.
ಹುಟ್ಟಿದ್ದಕ್ಕೆ ಇಲ್ಲ.

"ಅಣ್ಣ, ಇದನ್ನ ಯಾರ ಖಾತ್ಯಾಗ ಹಾಕ್ತಿ?"

ಆಚೆಯಿಂದ ಮುದೀರ ಟಾರ್ಚು ಬೀಸುತ್ತ ಬರುತ್ತಿದ್ದ.
ಹೆಬ್ಬೆರಳು ಯಂತ್ರದ ಮೇಲಿತ್ತು. ಒತ್ತಿದೆನೋ ಇಲ್ಲವೋ,
ಆಣೆ ಮಾಡಿ ಹೇಳಲಾರೆ.
ಮರುದಿನ ಲೆಕ್ಕ ಒಂದು ಹೆಚ್ಚಾಗಿ ಬಂತು,
ಎಣಿಸಿದವನ ತಪ್ಪು ಎಂದು ಲಿಗೋರಿ ಷರಾ ಬರೆದ.

ಏಳನೇ ಮಂಚದ ಕೆಳಗೆ, ಖರ್ಜೂರದ ರಟ್ಟಿನ ಪೆಟ್ಟಿಗೆಯಲ್ಲಿ,
ಮಾಳಪ್ಪನ ಬೆರಳು ಚೀಪುತ್ತ
ಆ ತಪ್ಪು ಹಾಲು ಕುಡಿಯುತ್ತಿತ್ತು.