ಹಳದಿಯ ಒರೆ

ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಬಾರದು,
ಅಪ್ಪ ಕಲಿಸಿದ ಮೊದಲ ಪಾಠ.
ನಗರ್ತಪೇಟೆಯ ಎಂಟಡಿ ಅಂಗಡಿಯಿಂದ
ಒರೆಗಲ್ಲು ಹಿಡಿದು ಗಲ್ಲಿಯ ತುದಿಗೆ,
ಬಿಸಿಲು ಬೀಳುವ ಒಂದು ಗೇಣು ಜಾಗಕ್ಕೆ,
ನಲವತ್ತು ವರ್ಷ ನಡೆದಿದ್ದೇನೆ.
ಹದಿನೆಂಟೋ ಇಪ್ಪತ್ತೆರಡೋ
ಗೆರೆ ನೋಡಿದರೆ ಸಾಕು, ಹೇಳಿಬಿಡುತ್ತೇನೆ.

ಪಂಕಜಾಕ್ಷಿಯ ಕಣ್ಣನ್ನು ಮಾತ್ರ
ಮೂರು ದಿನ ಟ್ಯೂಬ್‌ಲೈಟಿನಲ್ಲೇ ನೋಡಿದೆ.

ಮೊದಲ ರಾತ್ರಿ ಬಲಪಕ್ಕೆಯ ಕೆಳಗೆ ಕೈಯೊತ್ತಿ ಕೂತಳು.
ಗ್ಯಾಸು ಅಂದೆ. ಬೀಗರ ಮನೆಯ ಬೋಂಡ ಅಂದೆ.
ಸೋಡಾ ತಂದುಕೊಟ್ಟೆ.
ಹೋದ ವರ್ಷವೇ ಸ್ಕ್ಯಾನಿನವರು ಬರೆದುಕೊಟ್ಟಿದ್ದರು:
ಪಿತ್ತಕೋಶದಲ್ಲಿ ಕಲ್ಲು, ಹಲವು, ಸಣ್ಣವು.
ಸಣ್ಣವು ಅನ್ನುವ ಒಂದೇ ಮಾತು ಹಿಡಿದುಕೊಂಡು
ಅಕ್ಷಯ ತೃತೀಯ ಮುಗಿಯಲಿ ಅಂದೆ,
ಮದುವೆ ಸೀಸನ್ ಮುಗಿಯಲಿ ಅಂದೆ,
ಚೀಟಿಯನ್ನು ತೂಕದ ಪುಸ್ತಕದಲ್ಲಿ ಮಡಚಿಟ್ಟೆ.

ಸಣ್ಣದೇ ಜಾರುವುದು. ನನಗಾದರೂ ಗೊತ್ತಿರಬೇಕಿತ್ತು.
ದೊಡ್ಡ ಹರಳು ಚಿಮಟಕ್ಕೆ ಸಿಗುತ್ತದೆ,
ಸಾಸಿವೆಯಂಥದ್ದು ಹಲಗೆಯ ಸಂದಿಗೆ ಹೋಗಿ
ಅಲ್ಲೇ ಕಚ್ಚಿಕೊಳ್ಳುತ್ತದೆ.

ಎರಡನೆಯ ದಿನ ಮಂಚದ ಕಾಲು
ನೆಲಕ್ಕೆ ಟಕಟಕ ಬಡಿಯುವಷ್ಟು ನಡುಕ.
ಎರಡು ಕಂಬಳಿ, ಅದರ ಮೇಲೆ ಜಮಖಾನ.
ಗಂಟೆ ಕಳೆದರೆ ಮೈಯೆಲ್ಲ ಕಾದ ಮೂಸೆ.
ಜ್ವರದ ಮಾತ್ರೆ ಕೊಟ್ಟೆ, ಬೆವರಿದಳು,
ಇಳಿಯಿತು ಅಂದುಕೊಂಡೆ.

ಮೂರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತೆಂದು
ಬಿಂದಿಗೆ ಹಿಡಿದು ಹೊರಬಂದವಳು
ಆ ಗೇಣು ಬಿಸಿಲಿನಲ್ಲಿ ತಲೆಯೆತ್ತಿದಳು.
ಕಣ್ಣಿನ ಬಿಳುಪಿನ ಮೇಲೆ
ಅಪರಂಜಿಯ ಒರೆ.
ಬಂಗಾರದ ಬಣ್ಣ ಕಂಡು
ನನ್ನ ಕೈ ತಣ್ಣಗಾದದ್ದು ಅದೇ ಮೊದಲು.
‘ಉಚ್ಚೆ?’ ಅಂದೆ.
‘ಡಿಕಾಕ್ಷನ್ ಥರ, ನಿನ್ನೆಯಿಂದ’, ನಾಚಿಕೊಂಡಳು.

ಮೇಲಿನ ಮನೆಯ ಪಾಲಿಶ್ ಭೀಮರಾವ್
‘ಕಾಮಾಲೆ ಕಣಯ್ಯಾ, ಮಾಗಡಿ ಹತ್ತಿರ ಸೊಪ್ಪು ಅರೆದು ಕೊಡ್ತಾರೆ,
ಬರೀ ಹೊಟ್ಟೇಲಿ, ಮೂರು ಭಾನುವಾರ’ ಅಂದ.
ಮೂರು ಭಾನುವಾರ!
ಅವಳಾಗಲೇ ನನ್ನನ್ನು ‘ಅಣ್ಣಾ’ ಎಂದು ಕರೆದಿದ್ದಳು.
ಅವಳ ಅಣ್ಣ ತೀರಿಹೋಗಿ ಹನ್ನೊಂದು ವರ್ಷ.

ಮಾರ್ಕೆಟ್ಟಿನಾಚೆಯ ಆಸ್ಪತ್ರೆಯಲ್ಲಿ
ಎಮರ್ಜೆನ್ಸಿಯ ಹುಡುಗಿ, ಡಾಕ್ಟರ್ ರುಖಯ್ಯಾ,
ಹೆಸರು ವಯಸ್ಸು ಕೇಳುವ ಮೊದಲು
ಕಿಟಕಿಯ ಕಡೆ ತಿರುಗಿಸಿ ರೆಪ್ಪೆ ಎಳೆದು ನೋಡಿದಳು.
ಆಗಲೇ ನಂಬಿದೆ: ಇವಳು ನಮ್ಮ ಕಸುಬಿನವಳು.
‘ನೋವು, ನಡುಕದ ಜ್ವರ, ಹಳದಿ ಕಣ್ಣು,
ಮೂರೂ ಕೂಡಿದರೆ ನಾಳೆಗೆ ಅಂತ ಇಡೋ ಹಾಗಿಲ್ಲ.
ಕಲ್ಲು ನಾಳಕ್ಕೆ ಅಡ್ಡ ಕೂತಿದೆ,
ಹಿಂದೆ ನಿಂತ ಪಿತ್ತ ಕೀವಾಗಿದೆ.
ಬಿ.ಪಿ. ಬೀಳ್ತಿದೆ, ಮಾತು ತಪ್ಪಿದ್ದು ಅದಕ್ಕೇ.’
ಹೇಳುತ್ತಲೇ ಕಲ್ಚರಿಗೆ ರಕ್ತ ತೆಗೆದು,
ಸಲೈನ್ ಓಡಿಸಿ, ಆ್ಯಂಟಿಬಯಾಟಿಕ್ ಏರಿಸಿದಳು.
ನಾನಿನ್ನೂ ಆಧಾರ್ ಕಾರ್ಡ್ ಹುಡುಕುತ್ತಿದ್ದೆ.

‘ಔಷಧಿಯೊಂದೇ ಸಾಲದಾ?’
‘ಮೋರಿ ಕಟ್ಟಿಕೊಂಡಾಗ
ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕಾ, ಆಚಾರ್ರೇ?’

ಸಂಜೆ ಒಳಗೆ ಕರೆದೊಯ್ದರು.
ಹೊಟ್ಟೆ ಕೊಯ್ಯಲಿಲ್ಲ, ಬಾಯಿಂದ ಕೊಳವೆ ಇಳಿಸಿ
ಕರುಳಿಗೆ ಪಿತ್ತನಾಳ ಬಾಯ್ಬಿಡುವಲ್ಲಿ
ಒಂಚೂರು ಸೀಳಿದರಂತೆ.
ಮೊದಲು ಕೀವು, ಆಮೇಲೆ ಪಿತ್ತ,
ಬಲೂನು ಎಳೆದಾಗ ಅದರ ಮುಂದೆ ಉರುಳುತ್ತ ಕಲ್ಲು.
ಹೊರಗೆ ಬೆಂಚಿನ ಮೇಲೆ ನಾನು
ತಂತಿ ಎಳೆಯುವ ಅಚ್ಚಿನ ತೂತುಗಳನ್ನು
ದೊಡ್ಡದರಿಂದ ಸಣ್ಣದಕ್ಕೆ ಎಣಿಸುತ್ತಿದ್ದೆ.

ಮರುದಿನ ಮಧ್ಯಾಹ್ನ
‘ಅಂಗಡಿಗೆ ಬೀಗ ಹಾಕಿದ್ರಾ?’ ಅಂದಳು.
ನನ್ನನ್ನು ನಾನೆಂದೇ ತಿಳಿದು ಕೇಳಿದಳು.

ಸೀಸನ್ ನೋಡದೆ ಅದೇ ತಿಂಗಳು
ಪಿತ್ತಕೋಶವನ್ನೂ ತೆಗೆಸಿದ್ದಾಯಿತು.
ನಾಳದೊಳಗಿಟ್ಟ ಸ್ಟೆಂಟ್ ತೆಗೆಸುವ ತಾರೀಖು
ಕ್ಯಾಲೆಂಡರಿನಲ್ಲಿ ಕೆಂಪಗಿದೆ.
ಚೀಟಿ ಅವಳ ಹತ್ತಿರವೇ, ನನ್ನ ಕೈಗೆ ಕೊಡುವುದಿಲ್ಲ.

ಮೂವತ್ತೊಂದು ಕಲ್ಲು ಬಾಟಲಿಗೆ ಹಾಕಿ ಕೊಟ್ಟರು.
ಚಿನ್ನದ ತಕ್ಕಡಿಯಲ್ಲಿಟ್ಟೆ:
ಒಂದು ಗ್ರಾಂ, ಮುನ್ನೂರು ಮಿಲಿ.
ಒರೆಗೂ ಹಚ್ಚಿ ನೋಡಿದೆ, ಸುಳ್ಳೇಕೆ ಹೇಳಲಿ,
ಮೇಣದ ಹಾಗೆ ಜಾರಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು
‘ತೂಕದ ಪುಸ್ತಕದಲ್ಲಿ ಬರಕೊಳ್ಳಿ’ ಅಂದಳು.