ಆಯ್ದ ಹದಿನೆಂಟು

ಸಾಲ್ಮಿಯಾದ ಸ್ಕೂಲ್ ಬಸ್ಸು, ಮಧ್ಯಾಹ್ನ ಹನ್ನೆರಡೂವರೆ.
ಮಕ್ಕಳು ಬರಲು ಇನ್ನೂ ನಲವತ್ತು ನಿಮಿಷ.
ಏಸಿ ಹಾಕಿದರೆ ಡೀಸೆಲ್ಲಿನ ಲೆಕ್ಕ ಕೇಳುತ್ತಾರೆ,
ಹಾಕದಿದ್ದರೆ ಸ್ಟೀರಿಂಗ್ ಕಾದ ಕಾವಲಿ.
ಮೊಬೈಲನ್ನು ಗಾಜಿಗೆ ಒರಗಿಸಿಟ್ಟು
ಹುಡುಗನ ‘ಆಯ್ದ ಹದಿನೆಂಟು’ ಕೇಳುತ್ತಿದ್ದೇನೆ,
ಇದು ಮೂರನೇ ಸಲ.

ಹುಡುಗ ಅಂದರೆ ಸುಫಿಯಾನ್. ಭಟ್ಕಳದವರ ಮಗ,
ಹುಟ್ಟಿದ್ದು ಫರ್ವಾನಿಯಾ ಆಸ್ಪತ್ರೆಯಲ್ಲಿ.
ಈಗ ಅವನ ಹೆಸರು ಸೀಟ್ ನಲವತ್ತೊಂದು.
ಅದು ನನ್ನ ಬಸ್ಸಿನ ಕಟ್ಟಕಡೆಯ ಸೀಟು.
ಮುಂದಿನ ಸೀಟಿನ ಬೆನ್ನು ಬಡಿದು ಬಡಿದೇ ಅವನು ತಾಳ ಕಲಿತದ್ದು,
ರೆಕ್ಸಿನ್ ಹರಿದದ್ದಕ್ಕೆ ನನ್ನ ಸಂಬಳದಲ್ಲಿ
ಆರು ದಿನಾರ್ ಮುರಿದದ್ದು.
ಹಾಗಾಗಿ ಈ ಆಲ್ಬಮ್ಮಿನ ಬಗ್ಗೆ ಮಾತಾಡಲು
ನನಗೆ ಆರು ದಿನಾರಿನಷ್ಟು ಹಕ್ಕಿದೆ.

ಮೊದಲ ಹಾಡು ತಪ್ಪು ಆಯ್ಕೆ.
ಎಲೆ ಹಾಕಿದ ಕೂಡಲೇ ಪಾಯಸ ಬಡಿಸಿದ ಹಾಗೆ.
ಎರಡನೆಯದರಲ್ಲಿ ದುಬೈಯಿಂದ ಯಾರೋ ಬಂದಿದ್ದಾನೆ,
ಕಾರು, ಗಡಿಯಾರ, ಮತ್ತೆ ಕಾರು;
ಅವನ ಸರದಿ ಮುಗಿಯುವವರೆಗೆ ನಾನು ಕನ್ನಡಿ ಒರೆಸುತ್ತೇನೆ.
ಏಳು, ಎಂಟು, ಒಂಬತ್ತು ಒಂದೇ ಹಾಡು,
ಅಂಗಿ ಬದಲಿಸಿ ಬಂದದ್ದು.

ಹನ್ನೊಂದು ಮಾತ್ರ, ಅಬ್ಬ.
ಧೂಳೆದ್ದ ದಿನ ಫಿಫ್ತ್ ರಿಂಗ್ ರೋಡಿನಲ್ಲಿ
ಎದುರಿನ ಟ್ಯಾಂಕರ್ ಕಾಣದೆ ಬಸ್ಸು ಬದಿಗೆ ನಿಲ್ಲಿಸಿದ್ದೆ.
ಒಳಗೆ ಮೂವತ್ತೆಂಟು ಮಕ್ಕಳು.
ಹಿಂದಿನಿಂದ ಒಬ್ಬನೇ ಬಡಿಯುತ್ತಿದ್ದ,
ಅಳುವ ಪುಟಾಣಿಗಳು ಒಬ್ಬೊಬ್ಬರಾಗಿ ಸುಮ್ಮನಾಗುವ ತನಕ.
ಆ ಬಡಿತ ಇದರಲ್ಲಿದೆ. ಡ್ರಮ್ಮಲ್ಲ ಅದು, ರೆಕ್ಸಿನ್ನು.
ಕೇಳಿದವರಿಗೆ ಗೊತ್ತಾಗದು.

ಇನ್ನು ನಾಲ್ಕನೆಯದು. ‘ಉಂಕಲ್’.
ಅದು ನಾನು.
ಬ್ರೇಕಿಗೆ ನಾನು ಬಿರೇಕು ಅನ್ನುವುದು,
ಮಧ್ಯಾಹ್ನ ಬಾಯಿ ತೆರೆದು ಮಲಗುವುದು,
ಮೇಡಂ ಏನು ಕೇಳಿದರೂ ‘ಯೆಸ್ ಯೆಸ್ ನೋ’ ಅನ್ನುವುದು,
ಎಲ್ಲ ಇದೆ. ನಲವತ್ತು ಲಕ್ಷ ಜನ ಕೇಳಿದ್ದಾರಂತೆ,
ಮದುವೆಗಳಲ್ಲಿ ಕುಣಿಯುತ್ತಾರಂತೆ.
ಮರವಂತೆಯಿಂದ ಮಗಳು ಫೋನ್ ಮಾಡಿ
‘ಅಪ್ಪಯ್ಯ, ಇವ ನಿಮ್ ಕಣಂಗೇ ಇದ್ನಲೆ’ ಎಂದು ನಕ್ಕಳು.
‘ಯಾರೋ ಏನೋ’ ಅಂದೆ.

ಆದರೆ ಕೇಳಿ: ಬಿರೇಕು ಅಂದವನು
ಅದರ ಕೆಳಗೆ ಬರಬೇಕು ಅನ್ನುತ್ತಾನೆ, ಅದರ ಕೆಳಗೆ ಬರೀ ಕೂಗು.
ಎರಡನೇ ಅಕ್ಷರ ಮೂರೂ ಕಡೆ ರ.
ಇದನ್ನು ನಮಗೆ ಆರನೇ ಕ್ಲಾಸಿನಲ್ಲಿ
ಗಿರಿಯ ಮಾಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು.
ಇವನಿಗೆ ಯಾರು ಕಲಿಸಿದರು? ಕನ್ನಡ ಓದಲೇ ಬಾರದು.
ಕಿವಿಯಲ್ಲಿ ಹಿಡಿದದ್ದು,
ನನ್ನ ಬೈಗುಳದಿಂದಲೇ ಇರಬೇಕು.
ಹದಿನೆಂಟರಲ್ಲಿ ಇದನ್ನು ಮೀರಿಸುವುದಿಲ್ಲ.
ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ
ಮೊದಲಿಗೆ ಇಡಬೇಕಿದ್ದದ್ದು ಇದನ್ನೇ.

ಕೈಬಿಟ್ಟದ್ದು ಒಂದಿದೆ. ‘ವಾಮನಣ್ಣ’.
ಎರಡು ವರ್ಷದ ಹಿಂದಿನದು.
ಸಾವಿರದ ಚಿಲ್ಲರೆ ಜನ ಕೇಳಿದರು,
ಅದರಲ್ಲಿ ಇನ್ನೂರು ಸಲ ನಾನೇ ಇರಬಹುದು.
ತಪ್ಪಾಯ್ತು ಅನ್ನುತ್ತಾನೆ, ಸೀಟಿನ ದುಡ್ಡು ಕೊಡುತ್ತೇನೆ ಅನ್ನುತ್ತಾನೆ,
ನನ್ನ ಹೆಸರಿನಲ್ಲಿ ನ ಎಲ್ಲಿ, ಣ ಎಲ್ಲಿ
ಎಂದು ತಿಳಿದು, ನಿಧಾನಕ್ಕೆ ಕರೆಯುತ್ತಾನೆ.
ಪ್ರಾಸ ಸಡಿಲ. ನಡುವೆ ಪಿಟೀಲು ಬೇರೆ.
ಎರಡನೇ ಚರಣದಲ್ಲಿ ಗಂಟಲು ಕಟ್ಟಿದೆ,
ಅದೂ ತಾಳ ತಪ್ಪಿದ ಮೇಲೆ.
ತೀರ್ಪಿಗೆ ಕೂತವನು ಮುಖ ನೋಡಬಾರದು:
ಕೈಬಿಟ್ಟದ್ದು ಸರಿ.

ಬೆಲ್ಲು ಹೊಡೆಯಿತು.
ನೀರಿನ ಬಾಟಲಿ ಬೀಸುತ್ತ ಬಂದರು.
ನಲವತ್ತೊಂದರಲ್ಲಿ ಈಗ ಕೂರುವವಳು
ಐದನೇ ಕ್ಲಾಸಿನ ಒಬ್ಬ ತೆಲುಗು ಹುಡುಗಿ,
ಮಾತು ಕಡಿಮೆ, ಮುಂದಿನ ಸೀಟಿನ ತುಂಬ ಪೆನ್ನಿನ ಗೀಚು.
ಇದರ ದುಡ್ಡೂ ಯಾವಾಗಲೋ ಮುರಿಯುತ್ತಾರೆ.
‘ಅಂಕಲ್, ಉಂಕಲ್ ಹಾಕಿ!’
ಹಾಕಿದೆ.
ಹ್ಯಾಂಡ್ ಬಿರೇಕು ಇಳಿಸಿದೆ.