ನೀಲಿ ಬಕೆಟ್ಟು

ಮಾಗಡಿ ರಸ್ತೆಯ ಮುಚ್ಚಿದ ಮಿಲ್ಲಿನ ಹಿಂದೆ
ಮೂರಾಳು ಆಳದ ಬಾವಿ.
ಅದರಲ್ಲಿ ಮಾತ್ರ ಇತ್ತು ಆ ಮೀನು.
ಕಿರುಬೆರಳ ಉಗುರಿನಷ್ಟು ಮೈ,
ಬಾಲದ ಬುಡದಲ್ಲೊಂದು ಮಸಿ,
ಯಾರೋ ಲೆಕ್ಕ ಬರೆಯುತ್ತಾ ಎದ್ದು ಹೋದಾಗ
ಪೆನ್ನು ಕಕ್ಕಿದ ಹಾಗೆ.

ಮೊದಲ ಸಲ ಇಳಿದಾಗ ಅಪ್ಪ
ಯಾವುದೋ ದೊಡ್ಡ ಮೀನಿನ ಮರಿ ಅಂದುಕೊಂಡನಂತೆ.
ನಾಲ್ಕು ಬೇಸಿಗೆ ಕಳೆದು ಮತ್ತೆ ಇಳಿದ.
ಅಷ್ಟೇ ಇದ್ದವು.
ಬೆಳೆಯೋ ಮನಸ್ಸಿಲ್ಲ ಇವಕ್ಕೆ, ಅಂದ.
ಮರಿ ಎಂಬ ಹೆಸರೇ ನಿಂತಿತು.

ನಾವು ಬಾವಿ ತೋಡುವ ಜನ.
ಮಣ್ಣು ನಾಲಗೆಗೆ ಮುಟ್ಟಿಸಿ
ನೀರಿನ ದೂರ ಹೇಳುತ್ತಿದ್ದಳಂತೆ ಮುತ್ತಜ್ಜಿ.
ಕೊಳಾಯಿಯಲ್ಲಿ ಕಾವೇರಿ ಬಂದ ಮೇಲೆ
ಅಪ್ಪನಿಗೆ ಉಳಿದದ್ದು ಹೂಳು:
ಚಪ್ಪಲಿ, ಗಣಪತಿಯ ತಗಡಿನ ಕಿರೀಟ,
ಒಮ್ಮೆ ಒಂದು ಹೊಲಿಗೆ ಮಿಷನ್ನು.

ನಾಳೆಯೊಳಗೆ ತಳ ಕಾಣಬೇಕು, ಅಂದ ಮೇಸ್ತ್ರಿ.
ಮೀನು?
ಕಂಟ್ರಾಕ್ಟಿನಲ್ಲಿ ಮೀನು ಇಲ್ಲವಲ್ಲ, ಪೆಂಚಲಪ್ಪ.

ಅತ್ತ ಪಂಪು ಗುಟುರುತ್ತಿತ್ತು.
ಅಮ್ಮನ ಹಳೇ ಸೀರೆಯಲ್ಲಿ ಸೋಸಿ
ಅಪ್ಪ ಅವನ್ನು ಮನೆಗೆ ತಂದ.
ಮೆಟ್ಟಿಲ ಕೆಳಗೆ ನೀಲಿ ಬಕೆಟ್ಟು.
ಎಣಿಸಿದೆ, ನಲವತ್ತೊಂದು.
ಮತ್ತೆ ಎಣಿಸಿದೆ, ಮೂವತ್ತೆಂಟು.
ಅಷ್ಟರಲ್ಲಿ ಕರೆಂಟು ಹೋಯಿತು.

ಬೆಕ್ಕು ಬಂದರೆ ಓಡಿಸು,
ಅಷ್ಟೇ ಹೇಳಿ ಮಲಗಿದ.
ಎಂಟು ವರ್ಷದವಳು ನಾನು,
ಮೊರ ಮುಚ್ಚಿ ಮೇಲೆ ಅಂಗೈ ಒತ್ತಿ ಕೂತೆ.
ಕತ್ತಲಲ್ಲಿ ನೀರು ಆಗಾಗ ಟಿಕ್ ಅನ್ನುತ್ತಿತ್ತು.
ಇಡೀ ಲೋಕದಲ್ಲಿ ಇವು ಇನ್ನೆಲ್ಲೂ ಇಲ್ಲ ಎಂದು
ನನಗೆ ಯಾರೂ ಹೇಳಿರಲಿಲ್ಲ.
ಹೇಳಿದ್ದರೆ ತೂಕಡಿಸುತ್ತಿರಲಿಲ್ಲ.

ಬೆಳಿಗ್ಗೆ ಮೊರ ಜರುಗಿತ್ತು.
ಮೆಟ್ಟಿಲ ಮೇಲೆ ಆರುತ್ತಿದ್ದ
ನಾಲ್ಕು ಹೆಜ್ಜೆ, ಹೂವಿನಷ್ಟು ಸಣ್ಣವು.
ಅಪ್ಪ ಬಕೆಟ್ಟು ನೋಡಿದ, ನನ್ನನ್ನು ನೋಡಿದ,
ಎಣಿಸಲಿಲ್ಲ.
ಸೈಕಲ್ಲಿಗೆ ನೇತು ಹಾಕಿ
ತುಳುಕದಂತೆ ತಳ್ಳಿಕೊಂಡೇ ನಡೆದ.

ಎಷ್ಟೋ ವರ್ಷಕ್ಕೆ ಒಬ್ಬ ಮೇಡಂ ಬಂದರು,
ಹುರುಪೆ ಎಣಿಸುವ ಭೂತಗನ್ನಡಿ ಹಿಡಿದು.
ಬಾಯಿ ತಿರುಗದ ಹೆಸರೊಂದು ಇಟ್ಟರು.
ನಕ್ಷೆಯಲ್ಲಿ ಕೆಂಪು ಚುಕ್ಕಿ,
ಸೂಜಿ ಚುಚ್ಚಿದಷ್ಟು. ಇದೇ ಇದರ ನೆಲೆ, ಅಂದರು,
ಬೇರೆಲ್ಲಾದರೂ ನೋಡಿದ್ದುಂಟಾ?
ಇಲ್ಲ, ಅಂದ ಅಪ್ಪ,
ಜೇಬಲ್ಲಿ ಬೀಡಿ ತಡಕುತ್ತಾ,
ನನ್ನ ಕಡೆ ತಿರುಗದೆ.

ಅಪ್ಪ ಈಗಿಲ್ಲ. ಬಾವಿಗೆ ಕಬ್ಬಿಣದ ಜಾಲರಿ ಬಿದ್ದಿದೆ,
ಬೀಗದ ಕೈ ನನ್ನ ಹತ್ತಿರ.
ಭಾನುವಾರ ಬಗ್ಗಿ ನಿಂತು ಎಣಿಸುತ್ತೇನೆ.
ಮೂವತ್ತನಾಲ್ಕು, ಮೂವತ್ತೈದು,
ಬಿಸಿಲು ಇಳಿದು ಎಲ್ಲವೂ ಒಟ್ಟಿಗೆ ತಿರುಗುತ್ತವೆ,
ಮತ್ತೆ ಒಂದರಿಂದ.